ಜೈಲು ಮನ್ನಾ, ವಜಾ ಕಾಯಂ!

ಗಿರಣಿಯ ಗೇಟಿಗೆ ಅಂಟಿಸಿದ ನೋಟೀಸುಗಳನ್ನು ಓದಿ ಓದಿ ಪಳಗಿದ ನಮ್ಮ ಕಾರ್ಮಿಕ ಬಾಂಧವರು ಒಂದು ಹಳೆಯ ಸರ್ಕಾರಿ ಆಜ್ಞೆಯನ್ನೂ ಓದಬೇಕು. ಅದು ಹೊರಬಿದ್ದದ್ದು 1946ನೇ ಇಸವಿ ಜನವರಿ 3ರಂದು, ದಿಲ್ಲಿಯಲ್ಲಿ. ಹೊರಡಿಸಿದವರು ಹಿಂದೂಸ್ಥಾನದ ಬ್ರಿಟಿಷ್ ಫೌಜಿನ ದಂಡನಾಯಕ ಜನರಲ್ ಆಕಿನ್‌ಲೆಕ್. ಕೆಂಪು ಕೋಟೆಯ ಲಷ್ಕರಿ ಕೋರ್ಟು ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳಿಗೆ, ಅಂದರೆ ಷಾ ನವಾಜ್ ಖಾನ್, ಪ್ರೇಮ್ ಕುಮಾರ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಇವರಿಗೆ, ವಿಧಿಸಿದ ಶಿಕ್ಷೆಗೆ ಮೂರು ಭಾಗಗಳಿದ್ದವು. ಒಂದು, ಆಜೀವ ಕರಿನೀರಿನ ಶಿಕ್ಷೆ. ಎರಡು, ಪದವಿ ಕಿತ್ತುಕೊಂಡು ಫೌಜಿನಿಂದ ವಜಾ. ಮೂರು, ಬಾಕಿ ಇದ್ದ ಪಗಾರ, ಭತ್ತೆಗಳ ಜಪ್ತಿ. ದಂಡನಾಯಕರು ಮೊದಲನೆಯದನ್ನು ಮನ್ನಾ ಮಾಡಿದರು. ಉಳಿದ ಎರಡನ್ನು ಕಾಯಂ ಮಾಡಿದರು.

ಮೂವರೂ ಕೋಟೆಯಿಂದ ಹೊರಬಂದರು. ದೇಶಕ್ಕೆ ದೇಶವೇ ಸಂತೋಷದಿಂದ ಕುಣಿಯಿತು. ಕುಣಿಯಬೇಕಾದದ್ದೇ! ಆದರೆ ಆ ಗದ್ದಲದಲ್ಲಿ ಆಜ್ಞೆಯ ಕೆಳಗಿನ ಅರ್ಧವನ್ನು ಓದಿದವರು ಕಡಮೆ. ವಜಾ ಆಗಿ ಮನೆಗೆ ಬಂದ ಕಾರ್ಮಿಕನನ್ನು ಕೇಳಿ ನೋಡಿ. ಜೈಲಿಗೆ ಒಂದು ಅವಧಿ ಉಂಟು, ಗೋಡೆ ಉಂಟು, ಬಾಗಿಲು ಉಂಟು. ವಜಾ ಎಂಬುದಕ್ಕೆ ಅದಾವುದೂ ಇಲ್ಲ. ಅದು ಮನುಷ್ಯನ ಬೆನ್ನಿಗೆ ಹತ್ತಿ ಮನೆಯೊಳಕ್ಕೆ ಬರುತ್ತದೆ, ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಕೂರುತ್ತದೆ. ಪರಕೀಯ ಸರ್ಕಾರ ಜನರ ಸಿಟ್ಟಿಗೆ ಹೆದರಿ ಜೈಲನ್ನು ಬಿಟ್ಟುಕೊಟ್ಟಿತು, ವಜಾವನ್ನು ಬಿಟ್ಟುಕೊಡಲಿಲ್ಲ. ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ, ಆಶ್ಚರ್ಯವೇನು, ನಾಚಿಕೆ ಪಡಬೇಕಾದದ್ದು ಮುಂದಿನದು. 1947ರ ಆಗಸ್ಟ್ 15ರಂದು ಅದೇ ಕೆಂಪು ಕೋಟೆಯ ದಿಲ್ಲಿಯಲ್ಲಿ ಅಧಿಕಾರಕ್ಕೆ ಕೂತ ನಮ್ಮದೇ ಸರ್ಕಾರ ಆ ಕೆಳಗಿನ ಅರ್ಧದ ತಿರುಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿತು.

ಮೊದಲು ಪಲ್ಟಣಿನ ಕಥೆ. ಷಾ ನವಾಜ್ ಮತ್ತು ಧಿಲ್ಲೋನ್ ಇಬ್ಬರೂ ಹದಿನಾಲ್ಕನೇ ಪಂಜಾಬ್ ರೆಜಿಮೆಂಟಿನ ಒಂದನೇ ಬೆಟಾಲಿಯನ್ನಿನವರು. ಆಜಾದ್ ಹಿಂದ್ ಫೌಜನ್ನು ಮೊದಲು ಕಟ್ಟಿದ ಕ್ಯಾಪ್ಟನ್ ಮೋಹನ್ ಸಿಂಗ್ ಕೂಡ ಅದೇ ಬೆಟಾಲಿಯನ್ನಿನವರು. ಸೆಹಗಲ್ ಹತ್ತನೇ ಬಲೂಚ್ ರೆಜಿಮೆಂಟಿನವರು, ಲಾಹೋರಿನ ಹೈಕೋರ್ಟ್ ನ್ಯಾಯಾಧೀಶರ ಮಗ. ಷಾ ನವಾಜರದು ರಾವಲ್ಪಿಂಡಿ ಕಡೆಯ, ತಲೆತಲಾಂತರದಿಂದ ಫೌಜಿನ ಅನ್ನ ಉಂಡ ಮನೆತನ. ಇವರಾರೂ ಬಾಂಬು ಎಸೆಯುವ ಗುಪ್ತ ಮಂಡಲಿಯಿಂದ ಬಂದವರಲ್ಲ, ಬೀದಿ ಭಾಷಣದ ಪುಢಾರಿಗಳೂ ಅಲ್ಲ. ಬ್ರಿಟಿಷರೇ ಆರಿಸಿ, ಬ್ರಿಟಿಷರೇ ತಿದ್ದಿ ತೀಡಿ, ಇವರು ನಮ್ಮವರೆಂದು ಬೆನ್ನು ತಟ್ಟಿದ ಅಧಿಕಾರಿಗಳು.

1941ರ ಡಿಸೆಂಬರ್ 8ರಂದು ಜಪಾನೀಯರು ಮಲಯಾ ತೀರಕ್ಕೆ ಇಳಿದರು. ಮೂರು ದಿನಕ್ಕೆ, ಸುರಿಯುವ ಮಳೆಯಲ್ಲಿ, ಉತ್ತರ ಮಲಯಾದ ರಸ್ತೆಯ ಮೇಲೆ ಈ ಬೆಟಾಲಿಯನ್ನಿನ ಮೇಲೆ ಜಪಾನೀ ಟ್ಯಾಂಕುಗಳು ನುಗ್ಗಿದವು. ನಮ್ಮವರ ಕಡೆ ಟ್ಯಾಂಕುಗಳೇ ಇರಲಿಲ್ಲ. ಬೆಟಾಲಿಯನ್ನು ಚೂರುಚೂರಾಯಿತು, ಅಳಿದುಳಿದವರು ರಬ್ಬರ್ ತೋಟಗಳಲ್ಲಿ, ಕಾಡುಗಳಲ್ಲಿ ಚದರಿಹೋದರು. ಅಲ್ಲೇ ಮೋಹನ್ ಸಿಂಗ್ ಜಪಾನೀಯರ ಕೈಗೆ ಬಂದರು. ಷಾ ನವಾಜರನ್ನು 1942ರ ಜನವರಿಯಲ್ಲಿ, ಎಲ್ಲ ಮುಗಿಯುತ್ತ ಬಂದ ಮೇಲೆ, ಸಿಂಗಾಪುರಕ್ಕೆ ಹಡಗು ಹತ್ತಿಸಲಾಯಿತು. ಉರಿಯುವ ಮನೆಗೆ ಹೊಸ ಬಾಡಿಗೆದಾರನನ್ನು ಕಳಿಸಿದ ಹಾಗೆ! ಫೆಬ್ರವರಿ 15ರಂದು ಸಿಂಗಾಪುರ ಶರಣಾಯಿತು.

ಫೆಬ್ರವರಿ 17ರಂದು ಫಾರರ್ ಪಾರ್ಕ್ ಎಂಬ ಮೈದಾನಿನಲ್ಲಿ ನಡೆದದ್ದನ್ನು ಓದುಗರು ಗಮನವಿಟ್ಟು ಕೇಳಬೇಕು. ಶರಣಾದ ಫೌಜಿನಲ್ಲಿ ಬಿಳಿಯರನ್ನು ಒಂದು ಕಡೆಗೆ, ಹಿಂದೀ ಸಿಪಾಯಿಗಳನ್ನು ಒಂದು ಕಡೆಗೆ ಬೇರ್ಪಡಿಸಿದರು. ಸುಮಾರು 45,000 ಹಿಂದೀ ಸಿಪಾಯಿಗಳನ್ನು ಆ ಮೈದಾನಿನಲ್ಲಿ ಕೂಡಿಸಿ, ಒಬ್ಬ ಬ್ರಿಟಿಷ್ ಕರ್ನಲ್ ಎದ್ದು ನಿಂತು, ಇನ್ನು ನೀವು ಜಪಾನೀಯರ ಅಧೀನರು, ನಮ್ಮ ಆಜ್ಞೆ ಪಾಲಿಸಿದಂತೆ ಅವರ ಆಜ್ಞೆ ಪಾಲಿಸಿರಿ ಎಂಬರ್ಥದ ನಾಲ್ಕು ಮಾತಾಡಿ ಅವರನ್ನು ಜಪಾನೀ ಮೇಜರ್ ಫುಜಿವಾರಾನ ವಶಕ್ಕೆ ಒಪ್ಪಿಸಿದ. ಜಾತ್ರೆಯಲ್ಲಿ ಎತ್ತಿನ ಹಗ್ಗವನ್ನು ಕೊಂಡವನ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ಲ? ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿನ ಮರ್ಯಾದೆ ಅಲ್ಲಿರಲಿಲ್ಲ. ಹಗ್ಗ ಬಿಟ್ಟುಕೊಟ್ಟವನೇ ಮೂರು ವರ್ಷದ ಮೇಲೆ ಬಂದು, ಎತ್ತು ನನಗೆ ದ್ರೋಹ ಮಾಡಿತು ಎಂದು ಫಿರ್ಯಾದಿ ಕೊಟ್ಟ.

ಆ ಫಿರ್ಯಾದಿಯ ಹೆಸರೇ ಕೆಂಪು ಕೋಟೆಯ ಕೋರ್ಟ್ ಮಾರ್ಷಲ್. 1945ರ ನವೆಂಬರ್ 5ರಂದು ಶುರುವಾಯಿತು. ಆಪಾದನೆಗಳು: ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದ್ದು, ಕೊಲೆ, ಕೊಲೆಗೆ ಕುಮ್ಮಕ್ಕು. ವಿಚಾರಿಸಲು ಏಳು ಮಂದಿ ಲಷ್ಕರಿ ಅಧಿಕಾರಿಗಳು. ಅವರಲ್ಲಿ ನಾಲ್ವರು ಬಿಳಿಯರು, ಮೂವರು ನಮ್ಮವರು. ಅಧ್ಯಕ್ಷ ಪೀಠದಲ್ಲಿ ಮೇಜರ್ ಜನರಲ್ ಬ್ಲಾಕ್ಸ್‌ಲೆಂಡ್. ತೀರ್ಪು ಕೊಡುವವರು ಫೌಜಿನವರು, ಆಪಾದಿಸಿದ್ದು ಫೌಜು, ತೀರ್ಪನ್ನು ಕಾಯಂ ಮಾಡುವವನು ಫೌಜಿನ ದಂಡನಾಯಕ. ಗಿರಣಿಯಲ್ಲಿ ಒಳವಿಚಾರಣೆ ಎಂಬ ನಾಟಕ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯೂ ಆಪಾದನಾ ಪತ್ರ ಬರೆಯುವವನು ಮ್ಯಾನೇಜರನ ಗುಮಾಸ್ತ, ವಿಚಾರಿಸುವವನು ಮ್ಯಾನೇಜರನ ನೌಕರ, ಕೊನೆಗೆ ರುಜು ಹಾಕುವವನು ಮ್ಯಾನೇಜರು.

ಮೂವರಲ್ಲಿ ಒಬ್ಬ ಮುಸಲ್ಮಾನ, ಒಬ್ಬ ಹಿಂದು, ಒಬ್ಬ ಸಿಖ್. ಮೂವರನ್ನೂ ಒಟ್ಟಿಗೆ ಕಟಕಟೆಗೆ ಹತ್ತಿಸಿದ ಜಾಣನಾರೋ ಗೊತ್ತಿಲ್ಲ, ದೇಶ ಅವನಿಗೆ ಉಪಕೃತವಾಗಿರಬೇಕು. ನೂರು ವರ್ಷ ಜಾತಿ ಮತಗಳ ಲೆಕ್ಕ ಹಾಕಿ ಪಲ್ಟಣು ಕಟ್ಟಿದ ಸರ್ಕಾರ, ಒಂದೇ ಬೆಂಚಿನ ಮೇಲೆ ಮೂರು ಮತದವರನ್ನು ಕೂರಿಸಿ ದೇಶಕ್ಕೆಲ್ಲ ತೋರಿಸಿಕೊಟ್ಟಿತು. ಅದನ್ನು ನೋಡಿ ಕಾಂಗ್ರೆಸ್ಸಿನವರೂ ಲೀಗಿನವರೂ ಒಂದೇ ಬೀದಿಯಲ್ಲಿ ನಡೆದರು. ಮತ್ತೆ ಹಾಗೆ ನಡೆದದ್ದು ಕಡಮೆ.

ಸರ್ಕಾರದ ವಕೀಲ ಸರ್ ನೌಶೀರ್ವಾನ್ ಎಂಜಿನಿಯರರ ವಾದದ ಬೆನ್ನೆಲುಬು ಒಂದೇ: ಪ್ರಮಾಣವಚನ. ಚಕ್ರವರ್ತಿಗೆ ನಿಷ್ಠೆಯ ಪ್ರಮಾಣ ಮಾಡಿದವನು ಯಾವ ಕಾರಣಕ್ಕೂ ಅದನ್ನು ಮುರಿಯಕೂಡದು. ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ, ಉಂಡ ಮನೆಗೆ ಎರಡು ಬಗೆಯಕೂಡದು. ಒಳ್ಳೆಯ ಮಾತು. ಆದರೆ ಉಂಡದ್ದು ಯಾರ ಮನೆಯಲ್ಲಿ? ಆ ಫೌಜಿನ ಪಗಾರ ಇಂಗ್ಲೆಂಡಿನ ಅರಮನೆಯ ತಿಜೋರಿಯಿಂದ ಬರುತ್ತಿತ್ತೇ? ಈ ದೇಶದ ರೈತನ ಕಂದಾಯದಿಂದ, ಅಂಗಡಿಕಾರನ ಸುಂಕದಿಂದ ಬರುತ್ತಿತ್ತು. ಉಪ್ಪಿನ ಋಣದ ಮಾತಾಡುವ ಸರ್ಕಾರ ಉಪ್ಪಿನ ಮೇಲೂ ತೆರಿಗೆ ಕಟ್ಟಿಸಿಕೊಂಡ ಸರ್ಕಾರವೆಂಬುದನ್ನು ಮರೆಯಬಾರದು. ಸಿಪಾಯಿ ಉಂಡದ್ದು ತನ್ನ ಅಪ್ಪನ ಹೊಲದ ಉಪ್ಪು.

ಪ್ರತಿವಾದಿಗಳ ಕಡೆ ಭೂಲಾಭಾಯಿ ದೇಸಾಯಿ ನಿಂತರು. ಆರೋಗ್ಯ ಕೆಟ್ಟಿದ್ದ ಮುದುಕ. ವಿಚಾರಣೆ ಮುಗಿದು ನಾಲ್ಕು ತಿಂಗಳಿಗೆ, 1946ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ವಾದ ದಯಾಭಿಕ್ಷೆಯದಲ್ಲ. ಪರತಂತ್ರ ಜನತೆಗೆ ತನ್ನ ಬಿಡುಗಡೆಗಾಗಿ ಯುದ್ಧ ಹೂಡುವ ಹಕ್ಕು ಉಂಟು. 1943ರ ಅಕ್ಟೋಬರ್ 21ರಂದು ಸಿಂಗಾಪುರದಲ್ಲಿ ಸ್ಥಾಪಿತವಾದ ಆಜಾದ್ ಹಿಂದ್ ಸರ್ಕಾರಕ್ಕೆ ಬೇರೆ ರಾಷ್ಟ್ರಗಳ ಮಾನ್ಯತೆ ಇತ್ತು, ಸ್ವಂತ ಫೌಜು, ಸ್ವಂತ ಕಾನೂನು ಇತ್ತು. ಅಂಥ ಸರ್ಕಾರದ ಸೈನಿಕನನ್ನು ಪೀನಲ್ ಕೋಡಿನ 121ನೇ ಕಲಮಿನಲ್ಲಿ ಕಳ್ಳಕಾಕರಂತೆ ವಿಚಾರಿಸಲು ಬರುವುದಿಲ್ಲ ಎಂದರು. ಷಾ ನವಾಜರು ತಮ್ಮ ಹೇಳಿಕೆಯಲ್ಲಿ, ದೊರೆಯೋ ದೇಶವೋ ಎಂಬ ಪ್ರಶ್ನೆ ಎದುರಾದಾಗ ದೇಶವನ್ನು ಆರಿಸಿಕೊಂಡೆನೆಂದು ತಿಳಿಸಿದರು. ಕ್ಷಮೆ ಕೇಳಲಿಲ್ಲ. ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವುದು ನಮ್ಮ ಪತ್ರಿಕೆಗೆ ಶೋಭಿಸದು. 1945ರ ಮಾರ್ಚಿಯಲ್ಲಿ, ಬರ್ಮಾದ ಪೋಪಾ ಬೆಟ್ಟದ ಬಳಿ, ಸೋಲು ಕಣ್ಣೆದುರು ಕಾಣುತ್ತಿದ್ದಾಗ, ಫೌಜು ಬಿಟ್ಟು ಬ್ರಿಟಿಷರ ಕಡೆಗೆ ಹೋಗಹೊರಟ ಕೆಲವು ಸಿಪಾಯಿಗಳನ್ನು ಗುಂಡಿಟ್ಟು ಕೊಂದರೆಂಬುದು ಕೊಲೆಯ ಆಪಾದನೆ. ಸೆಹಗಲ್, ಧಿಲ್ಲೋನ್ ಆ ಆಪಾದನೆಯಿಂದ ಬಿಡುಗಡೆಯಾದರು. ಒಬ್ಬ ಸಿಪಾಯಿಯ ಸಾವಿಗೆ ಕುಮ್ಮಕ್ಕು ಕೊಟ್ಟ ಆಪಾದನೆ ಷಾ ನವಾಜರ ಮೇಲೆ ಸಿದ್ಧವಾಯಿತೆಂದು ಕೋರ್ಟು ಹೇಳಿತು. ಸತ್ತವನೂ ನಮ್ಮಂಥ ಬಡವರ ಮಗನೇ. ಅವನನ್ನು ದ್ರೋಹಿಯೆಂದು ಕರೆಯುವ ನಾಲಗೆ ನಮ್ಮದಲ್ಲ. ಯುದ್ಧವೆಂಬುದು ಎರಡೂ ಕಡೆ ಬಡವರನ್ನೇ ತಿನ್ನುತ್ತದೆ. ಆದರೆ ನ್ಯಾಯಪೀಠ ಏರಿ ಕೂತವರ ಕೈ ನೋಡೋಣ. ಮೊದಲ ಮಹಾಯುದ್ಧದಲ್ಲಿ ಓಡಿಹೋದ, ಹೇಡಿತನ ತೋರಿದ ಇಂಥ ಆಪಾದನೆಗಳ ಮೇಲೆ ತಮ್ಮದೇ ಸಿಪಾಯಿಗಳನ್ನು ಬೆಳಗಿನ ಜಾವ ಕಂಬಕ್ಕೆ ಕಟ್ಟಿ ಗುಂಡಿಟ್ಟವರು ಇದೇ ಬ್ರಿಟಿಷರು. ಅವರಲ್ಲಿ 306 ಮಂದಿಗೆ 2006ರಲ್ಲಿ, ತೊಂಬತ್ತು ವರ್ಷವಾದ ಮೇಲೆ, ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿ ಕ್ಷಮಾದಾನ ಕೊಟ್ಟಿತು. ತಡವಾಗಿಯಾದರೂ ಕೊಟ್ಟಿತು. ಇದನ್ನು ಇಲ್ಲಿ ಏಕೆ ಎತ್ತಿದೆವೆಂಬುದು ಮುಂದೆ ತಿಳಿಯುತ್ತದೆ.

ಜಪಾನೀಯರ ವಿಷಯವೂ ಅಷ್ಟೆ. ಅವರು ನಮ್ಮ ಬಿಡುಗಡೆಗೆ ಬಂದ ದೇವದೂತರಲ್ಲ, ಇನ್ನೊಂದು ಸಾಮ್ರಾಜ್ಯಶಾಹಿ. ಅಂಡಮಾನಿನ ಜನರನ್ನು ಕೇಳಿದರೆ ಅವರ ಕ್ರೌರ್ಯದ ಕಥೆ ಹೇಳುತ್ತಿದ್ದರು. ಆಜಾದ್ ಹಿಂದ್ ಫೌಜಿಗೆ ಸೇರಲೊಪ್ಪದ ಸಾವಿರಾರು ಹಿಂದೀ ಕೈದಿಗಳನ್ನು ದೂರದ ದ್ವೀಪಗಳಿಗೆ ಸಾಗಿಸಿ ಕೂಲಿಗೆ ಹಚ್ಚಿ ಕೊಂದರು. ಅವರ ಕಷ್ಟವನ್ನು ಅಲ್ಲಗಳೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮೋಹನ್ ಸಿಂಗ್ ಜಪಾನೀಯರ ಕೈಗೊಂಬೆಯಾಗಲು ಒಪ್ಪದೆ 1942ರ ಡಿಸೆಂಬರಿನಲ್ಲಿ ಅವರಿಂದಲೇ ಸೆರೆಯಾದರೆಂಬುದನ್ನೂ ಮರೆಯಬಾರದು. ಒಂದು ಸಾಮ್ರಾಜ್ಯದ ಪಲ್ಟಣಿನಿಂದ ಹೊರಬಂದು ಇನ್ನೊಂದರ ಸೆರೆಮನೆಗೆ ಹೋದವನನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಇನ್ನು ಈ ವಿಚಾರಣೆ ಪಲ್ಟಣುಗಳ ಮೇಲೆ ಮಾಡಿದ ಪರಿಣಾಮ. ಅದನ್ನು ನಡೆಸಿದ ಉದ್ದೇಶವೇ ಪಲ್ಟಣುಗಳಿಗೆ ಪಾಠ ಕಲಿಸುವುದು. ಕೋಟೆಯಲ್ಲಿ ಮೂವರನ್ನು ದಂಡಿಸಿದರೆ ದೇಶದ ಎಲ್ಲ ಲಾಯಗಳಲ್ಲಿ, ಎಲ್ಲ ಬ್ಯಾರಕ್ಕುಗಳಲ್ಲಿ ಸಿಪಾಯಿ ತಲೆ ತಗ್ಗಿಸುತ್ತಾನೆಂದು ಎಣಿಕೆ. ನಡೆದದ್ದೇ ಬೇರೆ. ಅಲ್ಲಿಯವರೆಗೆ ಯುದ್ಧದ ಸೆನ್ಸಾರಿನ ದೆಸೆಯಿಂದ ಆಜಾದ್ ಹಿಂದ್ ಫೌಜಿನ ವಿಷಯವೇ ಸರಿಯಾಗಿ ತಿಳಿಯದಿದ್ದ ಸಿಪಾಯಿ, ದಿನಾ ಪತ್ರಿಕೆಯಲ್ಲಿ ಸಾಕ್ಷಿಗಳ ಹೇಳಿಕೆ ಓದಿದ, ಓದಲು ಬಾರದವನು ಓದಿಸಿ ಕೇಳಿದ. ಸರ್ಕಾರವೇ ಖರ್ಚು ಹಾಕಿ ನಡೆಸಿದ ಪ್ರಚಾರ ಸಭೆ ಅದಾಯಿತು! ಸಮವಸ್ತ್ರ ತೊಟ್ಟ ಜವಾನರು ಸಾರ್ವಜನಿಕ ಸಭೆಗಳಿಗೆ ಬಂದರು. ವಿಮಾನ ದಳದ ಹುಡುಗರು ಪ್ರತಿವಾದ ನಿಧಿಗೆ ಹಣ ಕೂಡಿಸಿ ಕಳಿಸಿದರು. ಕಲಕತ್ತೆಯಲ್ಲಿ ನವೆಂಬರಿನಲ್ಲಿ ವಿದ್ಯಾರ್ಥಿಗಳ ಮೆರವಣಿಗೆಯ ಮೇಲೆ ಗುಂಡು ಹಾರಿತು. ಫೆಬ್ರವರಿಯಲ್ಲಿ ಅದೇ ಫೌಜಿನ ಕ್ಯಾಪ್ಟನ್ ಅಬ್ದುಲ್ ರಷೀದರಿಗೆ ಏಳು ವರ್ಷದ ಸಜೆಯಾದಾಗ ಮತ್ತೆ ಹಾರಿತು.

ಪಲ್ಟಣಿನೊಳಗೆ ಏನಾಗಿತ್ತೆಂಬುದಕ್ಕೆ ಆಕಿನ್‌ಲೆಕ್‌ರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದೇ ಫೆಬ್ರವರಿಯಲ್ಲಿ ಅವರು ತಮ್ಮ ಹಿರಿಯ ಬ್ರಿಟಿಷ್ ಅಧಿಕಾರಿಗಳಿಗೆ ಗುಪ್ತವಾಗಿ ಬರೆದ ಪತ್ರ ಆಮೇಲೆ ಬೆಳಕಿಗೆ ಬಂದಿದೆ. ಶಿಕ್ಷೆಯನ್ನು ಜಾರಿ ಮಾಡಹೊರಟಿದ್ದರೆ ದೇಶದಲ್ಲೆಲ್ಲ ಕ್ಷೋಭೆ ಎದ್ದು, ಫೌಜಿನಲ್ಲಿಯೇ ದಂಗೆಯಾಗಿ, ಕೊನೆಗೆ ಫೌಜೇ ಕರಗಿಹೋಗುವ ಸಂಭವವಿತ್ತೆಂದು ಅದರಲ್ಲಿ ಒಪ್ಪಿಕೊಂಡಿದ್ದಾರೆ. ಇದು ದಯೆಯಲ್ಲ, ಲೆಕ್ಕಾಚಾರ. ಮುಷ್ಕರಕ್ಕೆ ಹೆದರಿದ ಮಾಲೀಕ ನೋಟೀಸನ್ನು ಹಿಂತೆಗೆದುಕೊಳ್ಳುತ್ತಾನೆ, ಆದರೆ ಮುಖ ಉಳಿಸಿಕೊಳ್ಳಲು ಒಂದು ಸಾಲನ್ನು ಇಟ್ಟುಕೊಳ್ಳುತ್ತಾನೆ. ಇಲ್ಲಿ ಇಟ್ಟುಕೊಂಡ ಸಾಲು ವಜಾ.

1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ಎಂಬ ನೌಕಾ ಠಾಣ್ಯದ ಖಲಾಸಿಗಳು ಕೆಲಸಕ್ಕೆ ನಿಂತುಬಿಟ್ಟರು. ಹುಳುಕು ಅನ್ನ, ಬಿಳಿಯ ಅಧಿಕಾರಿಯ ಹೊಲಸು ಬೈಗುಳ, ಕರಿಯನಿಗೊಂದು ಬಿಳಿಯನಿಗೊಂದು ಪಗಾರ ಇವು ಕಾರಣ. ಆದರೆ ಬೇಡಿಕೆಗಳ ಪಟ್ಟಿಯಲ್ಲಿ ಅನ್ನ ಪಗಾರಗಳ ಜೊತೆಗೆ ಆಜಾದ್ ಹಿಂದ್ ಫೌಜಿನ ಕೈದಿಗಳ ಬಿಡುಗಡೆಯೂ ಇತ್ತು. ಎರಡು ದಿನದೊಳಗೆ ಎಪ್ಪತ್ತಕ್ಕೂ ಮಿಕ್ಕಿದ ಹಡಗುಗಳು, ಸುಮಾರು 20,000 ಖಲಾಸಿಗಳು. ಫೆಬ್ರವರಿ 22ರಂದು ಮುಂಬಯಿಯ ಗಿರಣಿ ಕಾರ್ಮಿಕರು ಗಿರಣಿ ಬಿಟ್ಟು ಅವರ ಬೆಂಬಲಕ್ಕೆ ಬೀದಿಗಿಳಿದರು. ಫೌಜು ಅವರ ಮೇಲೆ ಗುಂಡಿಟ್ಟಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ತಿಂಗಳ ಕೊನೆಗೆ ಜಬಲ್ಪುರದ ಸಿಗ್ನಲ್ ಪಡೆಯ ಜವಾನರು ಬ್ಯಾರಕ್ಕು ಬಿಟ್ಟು ಹೊರನಡೆದರು. ಕೋಟೆಯ ವಿಚಾರಣೆಯೊಂದೇ ಇದಕ್ಕೆಲ್ಲ ಕಾರಣವೆಂದರೆ ಹೆಚ್ಚು ಹೇಳಿದಂತಾದೀತು. ಹಸಿವಿತ್ತು, ಅವಮಾನವಿತ್ತು, ಯುದ್ಧ ಮುಗಿದೊಡನೆ ಮನೆಗೆ ಅಟ್ಟುವ ಭಯವಿತ್ತು. ಆದರೆ ಸಿಪಾಯಿಯ ಎದೆಯೊಳಗಿನ ಹೆದರಿಕೆಯನ್ನು ಆ ವಿಚಾರಣೆ ಕಿತ್ತು ಹಾಕಿತ್ತು. ಅದಾದ ಮೇಲೆ ಬ್ರಿಟಿಷ್ ರಾಜ್ಯ ಹದಿನೆಂಟು ತಿಂಗಳು ಬದುಕಿತು.

ನಮ್ಮ ಖಾದಿಧಾರಿಗಳು ಏನು ಮಾಡಿದರು? ವಿಚಾರಣೆಯ ಕಾಲಕ್ಕೆ ಅವರು ಮಾಡಿದ್ದನ್ನು ಇಲ್ಲವೆನ್ನುವುದಿಲ್ಲ. ಪಂಡಿತ ನೆಹರೂ ಎಷ್ಟೋ ವರ್ಷಗಳ ಹಿಂದೆ ಕಳಚಿಟ್ಟಿದ್ದ ಬ್ಯಾರಿಸ್ಟರಿಯ ಗೌನು ತೊಟ್ಟು ಕೋಟೆಗೆ ಬಂದರು. ಒಳ್ಳೆಯದೇ ಮಾಡಿದರು. ಆ ಚಳಿಗಾಲದಲ್ಲಿಯೇ ಚುನಾವಣೆಗಳೂ ನಡೆಯುತ್ತಿದ್ದವೆಂಬುದನ್ನು ಅಂಗಡಿಕಾರ ಬಾಂಧವರು ತಮ್ಮ ಕಿರ್ದಿಯ ಕಣ್ಣಿನಿಂದ ಒಮ್ಮೆ ನೋಡಲಿ. ಊರೂರಿನ ಸಭೆಯಲ್ಲಿ ಆಜಾದ್ ಹಿಂದ್ ಫೌಜಿನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿದರು, ವೋಟು ಗಿಟ್ಟಿಸಿದರು. ಜಮಾ ಕಲಮು ಭರ್ತಿಯಾಯಿತು. ನಾವೆ ಕಲಮಿನಲ್ಲಿ ಏನು ಬರೆದರು?

ಮುಂಬಯಿಯ ಖಲಾಸಿಗಳಿಗೆ ಸರದಾರ ಪಟೇಲರು ಶರಣಾಗಲು ಬುದ್ಧಿ ಹೇಳಿದರು, ಯಾರಿಗೂ ತೊಂದರೆಯಾಗದಂತೆ ಕಾಂಗ್ರೆಸ್ಸು ಪ್ರಯತ್ನಿಸುವುದೆಂದು ಭರವಸೆ ಕೊಟ್ಟರು. ಫೆಬ್ರವರಿ 23ರಂದು ಹುಡುಗರು ಶರಣಾದರು. ನೂರಾರು ಮಂದಿಯನ್ನು ನೌಕಾ ದಳದಿಂದ ಕಿತ್ತು ಹಾಕಿ, ರೈಲು ಹತ್ತಿಸಿ ಊರಿಗೆ ಅಟ್ಟಲಾಯಿತು. ಸ್ವರಾಜ್ಯ ಬಂತು. ಹೊಸ ಸರ್ಕಾರ ಅವರನ್ನು ಹಿಂದಕ್ಕೆ ಕರೆಯಲಿಲ್ಲ.

ಆಜಾದ್ ಹಿಂದ್ ಫೌಜಿನವರ ಗತಿಯೂ ಅದೇ. ಯುದ್ಧ ಮುಗಿದಾಗ ಬ್ರಿಟಿಷರು ಅವರನ್ನು ಬಿಳಿ, ಬೂದು, ಕರಿ ಎಂದು ಮೂರು ಬಣ್ಣ ಬಳಿದು ವಿಂಗಡಿಸಿದ್ದರು. ಕರಿಯರು ವಜಾ. 1948ರಲ್ಲಿ ಪ್ರಧಾನ ಮಂತ್ರಿ ನೆಹರೂ ಸರ್ಕಾರದ ತೀರ್ಮಾನವನ್ನು ಹೊರಗೆಡವಿದರು: ಇವರನ್ನು ಫೌಜಿಗೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲವರು ಪೊಲೀಸು ಮುಂತಾದ ನೌಕರಿಗಳಿಗೆ ಹೋದರು, ಕೆಲವರು ಹೊಲಕ್ಕೆ ಹೋದರು, ಬಹು ಮಂದಿ ಎಲ್ಲಿಗೆ ಹೋದರೆಂದು ಕೇಳಿದವರಿಲ್ಲ. ಕಟಕಟೆಯ ಬಳಿ ಗೌನು ತೊಟ್ಟು ನಿಂತಿದ್ದವರೇ ಗೇಟಿನ ಬಳಿ ಕೋಲು ಹಿಡಿದು ನಿಂತರು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೆ?

ಕಾರಣವೇನೆಂದರೆ, ಶಿಸ್ತು! ಬಹುಕಾಲ ಸೇವೆಯಿಂದ ಹೊರಗಿದ್ದವರನ್ನು ಒಳಗೆ ತೆಗೆದುಕೊಂಡರೆ, ಒಮ್ಮೆ ಪ್ರಮಾಣ ಮುರಿದವರನ್ನು ಸೇರಿಸಿಕೊಂಡರೆ ಪಲ್ಟಣಿನ ಶಿಸ್ತು ಕೆಡುತ್ತದೆ. ನಾನು ಮಾಸ್ತರಿಕೆ ಮಾಡಿದವನು, ಶಿಸ್ತಿನ ಬೆಲೆ ನನಗೂ ಗೊತ್ತು. ನಲವತ್ತು ಹುಡುಗರ ತರಗತಿಯಲ್ಲಿ ಶಿಸ್ತಿಲ್ಲದೆ ಮಗ್ಗಿಯೂ ನಡೆಯದು. ಆದರೆ ಗೇಟಿನ ಹೊರಗಿನ ಕಾರ್ಮಿಕನಿಗೂ ಇದೇ ಪದವನ್ನು ಹೇಳುತ್ತಾರಲ್ಲವೇ? ಯೂನಿಯನ್ ಕಟ್ಟಿದವನನ್ನು ಹೊರಗಿಡಲು ಮಾಲೀಕನ ಬಾಯಲ್ಲಿ ಬರುವ ಮೊದಲ ಶಬ್ದ ಶಿಸ್ತು. ಯಾರಿಗೆ ನಿಷ್ಠವಾದ ಶಿಸ್ತು ಎಂದು ಕೇಳಿದ ಕೂಡಲೇ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ಉತ್ತರ ಬೇಕಾದರೆ ಆ ಒಂದನೇ ಬೆಟಾಲಿಯನ್ನಿಗೇ ಮರಳಿ ಹೋಗಿ ನೋಡೋಣ. 1947ರಲ್ಲಿ ದೇಶ ಒಡೆದಾಗ ಹದಿನಾಲ್ಕನೇ ಪಂಜಾಬ್ ರೆಜಿಮೆಂಟು ಪಾಕಿಸ್ತಾನದ ಪಾಲಿಗೆ ಹೋಯಿತು. ಅದರ ಒಂದನೇ ಬೆಟಾಲಿಯನ್ನಿನಲ್ಲಿಯೇ ಅಧಿಕಾರಿಯಾಗಿ ಸೇವೆ ಆರಂಭಿಸಿದ ಇನ್ನೊಬ್ಬರಿದ್ದರು. ಅವರು ಚಕ್ರವರ್ತಿಯ ಪ್ರಮಾಣವನ್ನು ಎಂದೂ ಮುರಿದವರಲ್ಲ, ಯಾವ ಲಷ್ಕರಿ ಕೋರ್ಟಿನ ಮುಂದೆಯೂ ನಿಂತವರಲ್ಲ, ಶಿಸ್ತಿನ ಮೂರ್ತಿ. ಹೆಸರು ಅಯೂಬ್ ಖಾನ್. 1958ರ ಅಕ್ಟೋಬರಿನಲ್ಲಿ ಆ ಶಿಸ್ತಿನ ಮೂರ್ತಿ ಪಾಕಿಸ್ತಾನದ ಸಂವಿಧಾನವನ್ನು ಬೂಟಿನ ಕೆಳಗೆ ಹಾಕಿ ಫೌಜೀ ಆಡಳಿತ ಹೂಡಿತು. ಅದೇ ಬೆಟಾಲಿಯನ್ನಿನ ವಜಾ ಆದ, ಶಿಸ್ತು ಮುರಿದ ಷಾ ನವಾಜ್ ಖಾನರು ಏನು ಮಾಡಿದರು? ರಾವಲ್ಪಿಂಡಿಯ ಮನೆಮಾರು ಆ ಕಡೆ ಉಳಿದರೂ ಭಾರತವನ್ನು ಆರಿಸಿಕೊಂಡು, 1952ರಲ್ಲಿ ಮೀರತ್ತಿನ ಕಡೆಯಿಂದ ಜನರ ವೋಟು ಕೇಳಿ ಗೆದ್ದು ಲೋಕಸಭೆಯಲ್ಲಿ ಕೂತರು, ಮುಂದೆ ಮಂತ್ರಿಮಂಡಲದಲ್ಲೂ ಕೂತರು. ಅದೂ ನೆಹರೂ ಸರ್ಕಾರದಲ್ಲಿ! ರೈಲ್ವೆ ಖಾತೆಗೆ ಬೇಕಾದ ಮನುಷ್ಯ ಪಲ್ಟಣಿಗೆ ಬೇಡವಾದದ್ದು ಹೇಗೆ? ನಾಯಕನಿಗೆ ಕುರ್ಚಿ ಸಿಕ್ಕಿತು. ಅವನ ಹಿಂದೆ ನಡೆದ ಸಿಪಾಯಿಗೆ ಸಿಕ್ಕದ್ದು ಊರಿನ ಬಸ್ಸು.

ಬೇಕಾದರೆ ನಮ್ಮ ಕೊಡಗಿನ ಮನೆಯನ್ನೇ ನೋಡಿ. ಜನರಲ್ ತಿಮ್ಮಯ್ಯನವರು 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಯುದ್ಧದ ಮೊದಲಲ್ಲಿ ಹೈದರಾಬಾದ್ ರೆಜಿಮೆಂಟಿನೊಡನೆ ಸಿಂಗಾಪುರದಲ್ಲಿದ್ದು, ಅದು ಬೀಳುವ ಮೊದಲೇ ಭಾರತಕ್ಕೆ ಮರಳಿದ್ದರು. ಬರ್ಮಾದ ಅರಾಕಾನಿನಲ್ಲಿ ಬ್ರಿಟಿಷ್ ಹಿಂದೀ ಫೌಜಿನ ಬೆಟಾಲಿಯನ್ನು ನಡೆಸಿ ಕೀರ್ತಿ ಗಳಿಸಿದರು. ಅವರ ಒಡಹುಟ್ಟಿದ ಅಣ್ಣ ಪೊನ್ನಪ್ಪನವರು ಸಿಂಗಾಪುರದಲ್ಲಿ ಸೆರೆಯಾಗಿ ಆಜಾದ್ ಹಿಂದ್ ಫೌಜಿಗೆ ಸೇರಿದರು. ಒಂದೇ ತಾಯ ಹಾಲು ಕುಡಿದ ಇಬ್ಬರು. ಒಬ್ಬ ನಿಷ್ಠ, ಒಬ್ಬ ದ್ರೋಹಿ ಎಂದು ಹೇಳುವ ಧೈರ್ಯವಿದ್ದವರು ಹೇಳಲಿ. 1949ರ ಜನವರಿ 15ರಂದು ಕೊಡಗಿನವರೇ ಆದ ಕಾರಿಯಪ್ಪನವರು ಸ್ವತಂತ್ರ ಭಾರತದ ಮೊದಲ ಭಾರತೀಯ ದಂಡನಾಯಕರಾದರು. ನಾಡಿಗೆಲ್ಲ ಹೆಮ್ಮೆ. ಆದರೆ ಬಾಗಿಲು ಮುಚ್ಚಿದ್ದು ಮುಚ್ಚಿಯೇ ಇತ್ತು.

ಇನ್ನು ಯಾರೂ ಎತ್ತದ ಒಂದು ಹೆಸರಿಲ್ಲದ ಗುಂಪಿದೆ. ಸುಭಾಷ್‌ಬಾಬು ಬಂದ ಮೇಲೆ ಆ ಫೌಜಿಗೆ ಸೇರಿದವರೆಲ್ಲ ಚಕ್ರವರ್ತಿಯ ಸಿಪಾಯಿಗಳಲ್ಲ. ಸಾವಿರಾರು ಜನ ಮಲಯಾದ ರಬ್ಬರ್ ಎಸ್ಟೇಟುಗಳ ಕೂಲಿಕಾರರು, ಬಹುಪಾಲು ತಮಿಳರು. ಕಂಗಾಣಿಯ ಬೈಗುಳ ಕೇಳಿ ಬೆಳೆದವರ ಕೈಗೆ ಮೊದಲ ಸಲ ಬಂದೂಕು ಬಂದಿತ್ತು, ಮೊದಲ ಸಲ ಮರ್ಯಾದೆ ಬಂದಿತ್ತು. ಹೆಂಗಸರೂ ಝಾನ್ಸಿ ರಾಣಿ ಪಡೆಯಲ್ಲಿ ಕವಾಯತು ಮಾಡಿದರು. ಇವರು ಯಾವ ದೊರೆಗೂ ಪ್ರಮಾಣ ಮಾಡಿದವರಲ್ಲ, ಆದ್ದರಿಂದ ಲಷ್ಕರಿ ಕೋರ್ಟಿನಲ್ಲಿ ಇವರಿಗೆ ಜಾಗವಿರಲಿಲ್ಲ. ಕೋರ್ಟಿನಲ್ಲಿ ಜಾಗ ಸಿಗದವನಿಗೆ ಚರಿತ್ರೆಯಲ್ಲೂ ಜಾಗ ಸಿಗಲಿಲ್ಲ. ಯುದ್ಧ ಮುಗಿಯಿತು, ಎಸ್ಟೇಟಿನ ಹಾಜರಿ ಪುಸ್ತಕ ಮತ್ತೆ ತೆರೆಯಿತು.

ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆಯನ್ನು ಕೇಂದ್ರ ಸರ್ಕಾರ ತಂದದ್ದು 1972ರ ಆಗಸ್ಟ್ 15ರಂದು, ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ. ಆಜಾದ್ ಹಿಂದ್ ಫೌಜಿನವರು ಅದರ ಲೆಕ್ಕಕ್ಕೆ ಬಂದರು. 1945ರಲ್ಲಿ ಇಪ್ಪತ್ತೈದರ ಹುಡುಗನಾಗಿದ್ದವನಿಗೆ ಆಗ ಐವತ್ತೆರಡು. ನಡುವಿನ ಆ ಕಾಲವನ್ನು ಯಾವ ಖಜಾನೆ ತುಂಬಿಕೊಡುತ್ತದೆ? ಆಮೇಲೆ ಬಂದ ಸರ್ಕಾರಗಳು, ಬಣ್ಣ ಯಾವುದಾದರೇನು, ಕಲ್ಲಿಗೆ ಕೊರತೆ ಮಾಡಲಿಲ್ಲ. 2019ರ ಜನವರಿ 23ರಂದು ಕೆಂಪು ಕೋಟೆಯೊಳಗೇ ಮ್ಯೂಸಿಯಂ. 2022ರ ಸೆಪ್ಟೆಂಬರಿನಲ್ಲಿ ಇಂಡಿಯಾ ಗೇಟಿನ ಬಳಿ, ಹಿಂದೆ ಇಂಗ್ಲೆಂಡಿನ ದೊರೆಯ ಪ್ರತಿಮೆಯಿದ್ದ ಮಂಟಪದಲ್ಲೇ, ಸುಭಾಷ್‌ಬಾಬು ಅವರ ಕರಿಕಲ್ಲಿನ ಪ್ರತಿಮೆ. ಪ್ರತಿಮೆಗೆ ಪಗಾರ ಕೊಡಬೇಕಾಗಿಲ್ಲ, ಪಲ್ಟಣಿಗೆ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಲ್ಲ, ಅದು ಹಳೆಯ ಕಾಗದ ತೆರೆದು ಪ್ರಶ್ನೆ ಕೇಳುವುದೂ ಇಲ್ಲ.

ನಮ್ಮದು ಒಂದೇ ಬೇಡಿಕೆ. ಬ್ರಿಟಿಷ್ ಪಾರ್ಲಿಮೆಂಟು 2006ರಲ್ಲಿ ತನ್ನ ಸತ್ತ ಸಿಪಾಯಿಗಳ ಹೆಸರಿನ ಮುಂದಿನ ಕರಿ ಗೆರೆಯನ್ನು ಕಾನೂನು ಮಾಡಿ ಅಳಿಸಿತು. ಭಾರತದ ಪಾರ್ಲಿಮೆಂಟು ಒಂದು ಠರಾವು ತಂದು, 1946ರ ಜನವರಿ 3ರ ಆಜ್ಞೆಯನ್ನೂ ಅದರ ಹಿಂದೆ ಬಂದ ವಜಾ ಆಜ್ಞೆಗಳನ್ನೂ, ಮುಂಬಯಿಯ ಖಲಾಸಿಗಳ ಮೇಲಿನ ವಜಾ ಆಜ್ಞೆಗಳನ್ನೂ ಅಕ್ರಮವೆಂದು ಸಾರಲಿ. ಜಪ್ತಿಯಾದ ಪಗಾರವನ್ನು ಬಡ್ಡಿ ಸಹಿತ ವಾರಸುದಾರರಿಗೆ ಬಟವಾಡೆ ಮಾಡಲಿ. ಅಷ್ಟು ಹಳೆಯ ಲೆಕ್ಕ ಈಗೇಕೆ ಎನ್ನುವವರು ನಮ್ಮ ಅಂಗಡಿಕಾರರ ಬಳಿ ಬಂದು ಅದೇ ಮಾತು ಹೇಳಿ ಸಾಲ ಮನ್ನಾ ಮಾಡಿಸಿಕೊಳ್ಳಲಿ ನೋಡೋಣ.

2019ರ ಜನವರಿ 26ರ ದಿಲ್ಲಿಯ ಗಣರಾಜ್ಯ ದಿನದ ಕವಾಯತಿನಲ್ಲಿ ಆಜಾದ್ ಹಿಂದ್ ಫೌಜಿನ ಹಳೆಯ ಸಿಪಾಯಿಗಳಿಗೆ ಮೊಟ್ಟಮೊದಲ ಸಲ ಜಾಗ ಸಿಕ್ಕಿತು. ಬಂದವರು ನಾಲ್ವರು. ಎಲ್ಲರಿಗೂ ತೊಂಬತ್ತು ದಾಟಿತ್ತು. ಜೀಪಿನಲ್ಲಿ ಕೂರಿಸಿ ಕರೆದುಕೊಂಡು ಹೋದರು.